ಸೇಲಂ–ಧರ್ಮಪುರಿ ಸೀಮೆ: ನೋಡುವುದು ಹೇಗೆ, ಕಲಿಯುವುದು ಏನು?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಇವೆರಡೂ ಬೇರೆ ಬೇರೆ ಕೆಲಸಗಳಲ್ಲ. ಕೋಶ ಓದದೆ ದೇಶ ಸುತ್ತಿದವನು ಬೆಟ್ಟವನ್ನು ಬೆಟ್ಟವೆಂದಷ್ಟೇ ಕಂಡು ಹಿಂದಿರುಗುತ್ತಾನೆ. ದೇಶ ಸುತ್ತದೆ ಕೋಶ ಓದಿದವನಿಗೆ ಬೆಟ್ಟದ ಎತ್ತರ ಬಾಯಿಪಾಠವಾಗಿರುತ್ತದೆಯೇ ಹೊರತು ಬೆಟ್ಟ ಕಂಡಿರುವುದಿಲ್ಲ.

ಶಾಲಾ ಪ್ರವಾಸವೆಂದರೆ ನಮ್ಮಲ್ಲಿ ಮೈಸೂರು, ಬೇಲೂರು, ಹಳೇಬೀಡು, ಜೋಗ ಎಂಬ ಹೆಸರುಗಳೇ ಮೊದಲು ಬರುತ್ತವೆ. ಅವೆಲ್ಲ ನೋಡತಕ್ಕ ಸ್ಥಳಗಳೇ. ಆದರೆ ಬೆಂಗಳೂರಿನಿಂದ ದಕ್ಷಿಣಕ್ಕೆ ಒಂದೇ ಹಗಲಿನ ದಾರಿಯಲ್ಲಿರುವ ಸೇಲಂ ಮತ್ತು ಧರ್ಮಪುರಿ ಸೀಮೆಯನ್ನು ಅಭ್ಯಾಸದ ದೃಷ್ಟಿಯಿಂದ ನೋಡಿದವರು ಕಡಿಮೆ. ಭೂಗೋಳ, ಇತಿಹಾಸ, ವಿಜ್ಞಾನ, ಭಾಷೆ ಈ ನಾಲ್ಕೂ ಪಾಠಗಳು ಅಲ್ಲಿ ಒಂದೇ ದಾರಿಯಲ್ಲಿ ಸಿಗುತ್ತವೆ. ಮೂರು ದಿನಗಳ ಪ್ರವಾಸದಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಮೂರು ಮೆಟ್ಟಿಲಿನ ನಾಡು

ಮೊದಲು ಭೂಪಟ ತೆರೆಯಿರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಸೇಲಂ ಸುಮಾರು 900 ಅಡಿ ಎತ್ತರದಲ್ಲಿದೆ. ಇವೆರಡರ ನಡುವೆ ನೆಲವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಿಂದಿನ ಕಾಲದ ಆಡಳಿತಗಾರರು ಇದನ್ನು ಚೆನ್ನಾಗಿ ಗಮನಿಸಿದ್ದರು. ಹಳೆಯ ಸೇಲಂ ಜಿಲ್ಲೆಯನ್ನು ಅವರು ಬಾಲಾಘಾಟ್, ಬಾರಾಮಹಲು, ತಲಘಾಟ್ ಎಂದು ಮೂರು ಭಾಗ ಮಾಡಿದ್ದರು. ಘಟ್ಟದ ಮೇಲಿನ ಹೊಸೂರು ಕಡೆಯದು ಬಾಲಾಘಾಟ್. ನಡುವಿನ ಕೃಷ್ಣಗಿರಿ, ಧರ್ಮಪುರಿ ಕಡೆಯದು ಬಾರಾಮಹಲು. ಘಟ್ಟದ ಕೆಳಗಿನ ಸೇಲಂ ಕಡೆಯದು ತಲಘಾಟ್.

ಮುಂದೆ ಈ ದೊಡ್ಡ ಜಿಲ್ಲೆ ಒಡೆಯಿತು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಬೇರೆ ಜಿಲ್ಲೆಯಾಯಿತು. 1997ರಲ್ಲಿ ನಾಮಕ್ಕಲ್ ಸೇಲಂ ಜಿಲ್ಲೆಯಿಂದ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ಹುಟ್ಟಿತು. ಜಿಲ್ಲೆಯ ಗೆರೆಗಳು ಬದಲಾದವು, ಮೆಟ್ಟಿಲುಗಳು ಮಾತ್ರ ಇದ್ದ ಹಾಗೆಯೇ ಇವೆ. ಮೇಲಿನ ಮೆಟ್ಟಿಲಿನಲ್ಲಿ ಚೆಲ್ಲಿದ ನೀರು ಕೆಳಗಿನ ಮೆಟ್ಟಿಲಿಗೆ ಇಳಿಯಲೇಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಹೊರಟರೆ ಪ್ರವಾಸದ ಅರ್ಧ ಪಾಠ ಆದಂತೆಯೇ.

ಮೇಲಿನ ಮೆಟ್ಟಿಲು

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಹೊಸೂರು ಇದೆ. ಇಲ್ಲಿಯೂ, ಪಕ್ಕದ ದೇನ್ಕಣಿಕೋಟೆ ಕಡೆಯೂ ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳನ್ನು ಆಡುವ ಮನೆಗಳಿವೆ. ಭಾರತದ ಕೊನೆಯ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದರು. ಅವರು ಹೊಸೂರಿನ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂದೆ ಸೇಲಂನಲ್ಲಿ ವಕೀಲಿ ನಡೆಸಿದರು. ಹೀಗೆ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿನವರೆಗೆ ಅವರ ಬಾಳು ಹರಿಯಿತು.

ಹೊಸೂರಿನ ಬಳಿ ದಕ್ಷಿಣ ಪಿನಾಕಿನಿ ನದಿಗೆ ಕೆಲವರಪಳ್ಳಿ ಎಂಬಲ್ಲಿ ಅಣೆಕಟ್ಟು ಇದೆ. ಈ ನದಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವ ಭಾಗದ ನೀರನ್ನು ಸೇರಿಸಿಕೊಂಡು ಬರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹೊರಬಿದ್ದ ಕೊಳಚೆಯೂ ಇದೇ ನದಿಯನ್ನು ಸೇರುತ್ತದೆ. ಕೆಲವರಪಳ್ಳಿ ಅಣೆಯಿಂದ ನೀರು ಬಿಟ್ಟಾಗ ನದಿಯಲ್ಲಿ ರಾಶಿ ರಾಶಿ ಬಿಳಿ ನೊರೆ ಎದ್ದ ಸುದ್ದಿ ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಬೆಂಗಳೂರಿನ ಬಚ್ಚಲ ಮನೆಯ ಸೋಪಿನ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದೇ ನದಿಗೆ ಕೆಳಗೆ ಕೃಷ್ಣಗಿರಿಯ ಬಳಿ 1950ರ ದಶಕದಲ್ಲಿ ಕಟ್ಟಿದ ಮತ್ತೊಂದು ಅಣೆಕಟ್ಟು ಇದೆ. ಆ ನೀರಿನಿಂದ ಅಲ್ಲಿಯ ರೈತರು ಬತ್ತ ಬೆಳೆಯುತ್ತಾರೆ.

ನಡುವಿನ ಮೆಟ್ಟಿಲು

ಘಟ್ಟ ಇಳಿದರೆ ಕೃಷ್ಣಗಿರಿಯ ಬಂಡೆಕೋಟೆ ಕಾಣುತ್ತದೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಸೇಲಂ ಸೀಮೆ ಮೈಸೂರು ಅರಸರ ಕೈಗೆ ಬಂದಿತ್ತು. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಬಾರಾಮಹಲು ಯುದ್ಧಭೂಮಿಯಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಮತ್ತು ಸೇಲಂ ಇಂಗ್ಲಿಷ್ ಕಂಪನಿಯ ಪಾಲಾದವು. ಹೊಸೂರು ಕಡೆಯ ಮೇಲಿನ ಭಾಗ 1799ರಲ್ಲಿ ಟಿಪ್ಪು ಮಡಿದ ಬಳಿಕ ಅವರಿಗೆ ಸೇರಿತು. ಇಲ್ಲಿಯ ಕಂದಾಯ ಗೊತ್ತುಮಾಡಲು ಬಂದ ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೊ ಎಂಬ ಅಧಿಕಾರಿಗಳು ಜಮೀನ್ದಾರರನ್ನು ನಡುವೆ ತರದೆ, ಉಳುವ ರೈತನೊಂದಿಗೇ ನೇರವಾಗಿ ಕಂದಾಯ ನಿಗದಿ ಮಾಡುವ ಕ್ರಮವನ್ನು ಇಲ್ಲಿ ರೂಢಿಸಿದರು. ಇತಿಹಾಸದ ಪಾಠದಲ್ಲಿ ಬರುವ ರಯತವಾರಿ ಪದ್ಧತಿಯ ತೊಟ್ಟಿಲು ಇದೇ ಸೀಮೆ.

ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾಲದ ತಮಿಳು ಕಾವ್ಯಗಳಲ್ಲಿ ಕೀರ್ತಿಪಡೆದ ಅದಿಯಮಾನ್ ನೆಡುಮಾನ್ ಅಂಜಿ ಎಂಬ ದೊರೆ ಇಲ್ಲಿ ಆಳಿದನು. ದೀರ್ಘಾಯುಸ್ಸು ಕೊಡುವ ಅಪರೂಪದ ನೆಲ್ಲಿಕಾಯಿ ಅವನಿಗೆ ದೊರೆತಾಗ, ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟನೆಂಬ ಕಥೆಯನ್ನು ತಮಿಳು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ನಮ್ಮ ಇತಿಹಾಸದಲ್ಲಿಯೂ ಅದಿಯಮ ಎಂಬ ಹೆಸರು ಬರುತ್ತದೆ. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡಿನಲ್ಲಿ ಸೋಲಿಸಿದ ಚೋಳ ಸಾಮಂತನ ಹೆಸರು ಅದಿಯಮ.

ಒಂಬತ್ತನೆಯ ಶತಮಾನದಲ್ಲಿ ತಗಡೂರು ನೊಳಂಬರ ಆಳ್ವಿಕೆಯಲ್ಲಿತ್ತು. ನೊಳಂಬ ದೊರೆ ಮಹೇಂದ್ರನ ಕಾಲದ, 893ನೆಯ ಇಸವಿಗೆ ಸೇರಿದ ಕನ್ನಡ ಶಾಸನವೊಂದು ಇಲ್ಲಿ ದೊರೆತಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸಹೋದರರು ತಗಡೂರಿನಲ್ಲಿ ಜೈನ ಬಸದಿ ಕಟ್ಟಿಸಿದ್ದನ್ನು ಅದು ತಿಳಿಸುತ್ತದೆ. ಸಾವಿರದ ನೂರು ವರ್ಷಗಳ ಹಿಂದೆ ಇಲ್ಲಿ ಕನ್ನಡದಲ್ಲಿ ಬರೆಸುವವರೂ ಇದ್ದರು, ಓದುವವರೂ ಇದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಇದನ್ನು ಓದಿ 'ಇದು ನಮ್ಮದು, ನಿಮ್ಮದಲ್ಲ' ಎಂದು ವಾದಕ್ಕೆ ನಿಲ್ಲುವುದು ಅಭ್ಯಾಸವಲ್ಲ. ಅದೇ ನೆಲದಲ್ಲಿ ತಮಿಳು ಶಾಸನಗಳೂ ಹೇರಳವಾಗಿವೆ. ಎರಡು ಭಾಷೆಯವರು ಒಂದೇ ಊರಿನಲ್ಲಿ ಶತಮಾನಗಳ ಕಾಲ ಬಾಳಿದರು ಎಂಬುದೇ ಇಲ್ಲಿ ಕಲಿಯಬೇಕಾದ ಸಂಗತಿ.

ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿರಿ. ಅಲ್ಲಿ ವೀರಗಲ್ಲುಗಳಿವೆ. ತಮಿಳಿನಲ್ಲಿ ಇವಕ್ಕೆ ನಡುಕಲ್ ಎನ್ನುತ್ತಾರೆ, ಅಂದರೆ ನೆಟ್ಟ ಕಲ್ಲು. ಊರಿನ ದನಗಳನ್ನು ಹಿಡಿದೊಯ್ಯಲು ಬಂದವರೊಡನೆ ಹೋರಾಡಿ ಮಡಿದ ವೀರರಿಗೆ ಇಂಥ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ನಮ್ಮ ಊರ ಹೊರಗಿನ ವೀರಗಲ್ಲಿಗೂ ಇವಕ್ಕೂ ಏನು ಹೋಲಿಕೆ, ಏನು ಭೇದ ಎಂದು ಚಿತ್ರ ಬರೆದುಕೊಳ್ಳಿರಿ.

ಹೊಗೇನಕಲ್: ಒಂದು ಹೆಸರಿನ ಪಾಠ

ಧರ್ಮಪುರಿಯಿಂದ ಸುಮಾರು 46 ಕಿಲೋಮೀಟರ್ ದೂರದಲ್ಲಿ ಹೊಗೇನಕಲ್ ಇದೆ. ಕಾವೇರಿ ಇಲ್ಲಿ ಹಲವು ಕವಲಾಗಿ ಕಲ್ಲಿನ ಕಂದರಗಳಿಗೆ ಧುಮುಕುತ್ತದೆ. ತುಂತುರು ಹೊಗೆಯಂತೆ ಮೇಲೇಳುವುದರಿಂದ ಹೊಗೆಯ ಕಲ್ಲು, ಹೊಗೇನಕಲ್ ಎಂಬ ಹೆಸರು. ಇದು ಕನ್ನಡದ ಹೆಸರು. ತಮಿಳಿನವರು ಇದನ್ನು ಒಕೇನಕ್ಕಲ್ ಎಂದು ಬರೆಯುತ್ತಾರೆ. ಹೊಸೂರನ್ನು ಓಸೂರ್ ಎಂದು ಬರೆಯುವುದೂ ಹೀಗೆಯೇ.

ತಮಿಳಿನಲ್ಲಿ ಹೊಗೆಗೆ ಪುಗೈ ಎನ್ನುತ್ತಾರೆ. ನಮ್ಮ ಹಳಗನ್ನಡದಲ್ಲಿ ಹೊಗೆಗೆ ಪೊಗೆ ಎಂದಿತ್ತು. ಕನ್ನಡದಲ್ಲಿ ಪದದ ಮೊದಲಿನ ಪಕಾರವು ಹತ್ತನೆಯ ಶತಮಾನದ ಬಳಿಕ ನಿಧಾನವಾಗಿ ಹಕಾರವಾಯಿತು. ತಮಿಳಿನಲ್ಲಿ ಪಕಾರವೇ ಉಳಿಯಿತು. ತಮಿಳಿನ ಪಾಲ್ ನಮ್ಮ ಹಾಲು, ಪುಲಿ ಹುಲಿ, ಪತ್ತು ಹತ್ತು, ಪಲ್ ಹಲ್ಲು, ಪೂ ಹೂ. ತಮಿಳಿನ ಪುದೂರ್ ನಮ್ಮ ಹೊಸೂರು. ಹಳಗನ್ನಡ ಕಠಿಣವೆಂದು ಹೆದರುವ ವಿದ್ಯಾರ್ಥಿಗಳು ಸೇಲಂ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತು ಕೇಳಿದರೆ, ಪಂಪನ ಕಾಲದ ಎಷ್ಟೋ ಪದಗಳು ಹಾಲು ಮಾರುವವರ, ಹೂ ಮಾರುವವರ ಬಾಯಲ್ಲಿ ಸಲೀಸಾಗಿ ಬರುವುದನ್ನು ಕೇಳಬಹುದು.

ಹೊಗೇನಕಲ್ಲಿನಲ್ಲಿ ಹರಿಗೋಲಿನ ಸವಾರಿ ಉಂಟು. ಬಿದಿರಿನ ಹೆಣಿಗೆಯ ಬುಟ್ಟಿಯಾಕಾರದ ಈ ದೋಣಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಮೊನೆಯಿಲ್ಲದ, ತಳ ಚಪ್ಪಟೆಯಾದ ದೋಣಿಯಾದ್ದರಿಂದ ಕಲ್ಲುಗಳ ನಡುವಿನ ಆಳವಿಲ್ಲದ ನೀರಿನಲ್ಲಿಯೂ ಇದು ತೇಲುತ್ತದೆ. ಎದುರು ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆಯದು. ಆ ಕಾಡಿನಾಚೆ ಮಲೆ ಮಹದೇಶ್ವರ ಬೆಟ್ಟ. ಆ ಬೆಟ್ಟಕ್ಕೆ ಸೇಲಂ, ಧರ್ಮಪುರಿ ಕಡೆಯ ತಮಿಳು ಭಕ್ತರೂ ಬರುತ್ತಾರೆ.

ನೆಲದ ನೀರು, ನದಿಯ ನೀರು

ಹೊಗೇನಕಲ್ಲಿನಲ್ಲಿ ಜಲಪಾತಕ್ಕಿಂತ ಮುಖ್ಯವಾದ ಒಂದು ವಿಷಯವಿದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಇಲ್ಲಿಯ ಗಟ್ಟಿ ಶಿಲೆಗಳಲ್ಲಿರುವ ಕೆಲವು ಖನಿಜಗಳಿಂದ ಅದು ಮೆಲ್ಲನೆ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಮೊದಲು ಬಿಳಿ, ಆಮೇಲೆ ಕಂದು ಕಲೆ ಮೂಡುತ್ತದೆ. ಅಂಶ ಇನ್ನೂ ಹೆಚ್ಚಾದರೆ ಮೂಳೆಗಳೂ ಕೀಲುಗಳೂ ಕೆಡುತ್ತವೆ. ಬೆನ್ನು ಬಗ್ಗದಂತಾಗುತ್ತದೆ, ಕಾಲು ಸೊಟ್ಟಗಾಗುವುದೂ ಉಂಟು. ಹಲ್ಲಿನಲ್ಲಿ ಕೂತ ಕಲೆ ಉಜ್ಜಿದರೆ ಹೋಗುವುದಿಲ್ಲ.

ನಮ್ಮ ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯ ಹಳ್ಳಿಗಳಲ್ಲಿಯೂ ಇದೇ ಕಷ್ಟವಿದೆ. ತಾಯಂದಿರು ಒಂದು ಮಾತು ತಿಳಿದಿರಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು, ಕುಡಿಯಲು ಮಳೆನೀರು ಅಥವಾ ನದಿಯ ನೀರು ಬಳಸುವುದು, ಊಟದಲ್ಲಿ ಹಾಲು, ಸೊಪ್ಪು, ನೆಲ್ಲಿಕಾಯಿ ಸೇರಿಸುವುದು ಇವೇ ಮಾರ್ಗ.

ಈ ಎರಡು ಜಿಲ್ಲೆಗಳಿಗೆ ಕಾವೇರಿಯ ನೀರನ್ನು ಶುದ್ಧಿಮಾಡಿ ಕೊಳವೆಗಳಲ್ಲಿ ಕೊಡುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಜಪಾನಿನ ಸಾಲದ ನೆರವಿನಿಂದ ನಡೆದು 2013ರಲ್ಲಿ ಉದ್ಘಾಟನೆಯಾಯಿತು. 2008ರಲ್ಲಿ ಇದರ ಬಗ್ಗೆ ಎರಡು ರಾಜ್ಯಗಳ ನಡುವೆ ಬಿಸಿಬಿಸಿ ವಾದ ನಡೆದು, ಪ್ರತಿಭಟನೆಗಳೂ ಆದವು. ನದಿಯ ಪಾಲಿನ ಲೆಕ್ಕವನ್ನು ನ್ಯಾಯಾಲಯ ನೋಡುತ್ತದೆ. ವಿದ್ಯಾರ್ಥಿಗಳು ಆ ಮಾತಿನ ಜೊತೆಗೆ, ಕಂದು ಹಲ್ಲಿನ ಮಗುವಿಗೆ ತಮಿಳು ಕನ್ನಡ ಎಂಬ ಭೇದವಿಲ್ಲ ಎಂಬುದನ್ನೂ ನೆನೆಯಬೇಕು.

ಹೊಗೇನಕಲ್ಲಿಗೆ ಮೇಲೆ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವಿದೆ. ಕರ್ನಾಟಕದಿಂದ ತಮಿಳುನಾಡಿಗೆ ಹರಿದುಬರುವ ನೀರನ್ನು ಅಳೆಯುವುದು ಅಲ್ಲಿಯೇ. ಸಾಧಾರಣ ಮಳೆಯ ವರ್ಷದಲ್ಲಿ ಅಲ್ಲಿಗೆ 177.25 ಟಿ.ಎಂ.ಸಿ. ನೀರು ತಲುಪಬೇಕೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಮೆಟ್ಟೂರು

ಅಲ್ಲಿಂದ ಇಳಿದ ಕಾವೇರಿ ಸೇಲಂ ಜಿಲ್ಲೆಯ ಮೆಟ್ಟೂರು ಜಲಾಶಯವನ್ನು ಸೇರುತ್ತದೆ. ಮೈಸೂರು ಮತ್ತು ಮದ್ರಾಸು ಸರ್ಕಾರಗಳ ನಡುವೆ 1924ರಲ್ಲಿ ಒಪ್ಪಂದವಾದ ಮೇಲೆ, 1925ರಲ್ಲಿ ಇದರ ಕೆಲಸ ಮೊದಲಾಗಿ 1934ರಲ್ಲಿ ಮುಗಿಯಿತು. ಅಣೆಯ ಉದ್ದ 5,300 ಅಡಿ. ಪೂರ್ಣ ಮಟ್ಟ 120 ಅಡಿ. ಆಗ ಹಿಡಿಯುವ ನೀರು 93.47 ಟಿ.ಎಂ.ಸಿ. ಮದ್ರಾಸಿನ ಗವರ್ನರ್ ಆಗಿದ್ದ ಸ್ಟ್ಯಾನ್ಲಿಯವರ ಹೆಸರನ್ನು ಜಲಾಶಯಕ್ಕೆ ಇಟ್ಟರು. ತಂಜಾವೂರು ಕಡೆಯ ಬತ್ತದ ಬಯಲಿಗೆ ಇಲ್ಲಿಂದ ನೀರು ಬಿಡುವ ವಾಡಿಕೆಯ ದಿನ ಜೂನ್ 12.

ಜಲಾಶಯಕ್ಕಾಗಿ ಹಲವು ಹಳ್ಳಿಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ಇಗರ್ಜಿಯ ಗೋಪುರವೂ ಜಲಕಂಠೇಶ್ವರ ದೇವಾಲಯದ ನಂದಿಯೂ ನೀರಿನಿಂದ ಮೇಲೆ ಕಾಣುತ್ತವೆ. ಆಗ ಜನ ನೋಡಲು ಬರುತ್ತಾರೆ. ಕೆಳಗಿನ ಲಕ್ಷಾಂತರ ಎಕರೆ ಹಸಿರಾಗಲು ಮೇಲಿನ ಕೆಲವರು ಮನೆ, ಹೊಲ, ದೇವಸ್ಥಾನ ಬಿಟ್ಟುಕೊಟ್ಟರು ಎಂಬುದನ್ನು ಆ ನಂದಿ ನೆನಪಿಗೆ ತರುತ್ತದೆ.

ಕೆಳಗಿನ ಮೆಟ್ಟಿಲು: ಸೇಲಂ ನಗರ

ಸೇಲಂ ಸುತ್ತಲೂ ಬೆಟ್ಟಗಳಿರುವ ಊರು. ಉತ್ತರಕ್ಕೆ ಶೇರ್ವರಾಯನ್ ಬೆಟ್ಟಗಳು, ದಕ್ಷಿಣಕ್ಕೆ ಜರುಗುಮಲೆ, ಪಶ್ಚಿಮಕ್ಕೆ ಕಂಜಮಲೆ. 1866ರಲ್ಲಿ ಪುರಸಭೆಯಾದ ಈ ಊರು 1994ರಲ್ಲಿ ನಗರಪಾಲಿಕೆಯಾಯಿತು. ರಾಜಾಜಿಯವರು 1917ರಲ್ಲಿ ಇಲ್ಲಿಯ ಪುರಸಭೆಯ ಅಧ್ಯಕ್ಷರಾದರು. ಅವರು ಮದ್ರಾಸಿನ ಪ್ರಧಾನಿಯಾದಾಗ 1937ರಲ್ಲಿ ಪಾನನಿರೋಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿಯೇ.

ಸೇಲಂ ನಮ್ಮ ಅಡುಗೆಮನೆಗೆ ಬಹಳ ಹತ್ತಿರದ ಊರು. ಹಬ್ಬದ ಪಾಯಸಕ್ಕೂ ಸಂಡಿಗೆಗೂ ಬಳಸುವ ಸಬ್ಬಕ್ಕಿ ಅಕ್ಕಿಯಲ್ಲ, ಮರಗೆಣಸಿನ ಹಿಟ್ಟು. ಗೆಣಸಿನ ಸಿಪ್ಪೆ ಸುಲಿದು, ಅರೆದು, ಹಾಲು ತೆಗೆದು, ತಳಕ್ಕೆ ಕೂತ ಹಿಟ್ಟನ್ನು ಅಲುಗಾಡಿಸಿ ಕಾಳು ಮಾಡಿ, ಹುರಿದು ಒಣಗಿಸುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದಿಂದ ಬರುವುದು ನಿಂತಾಗ ಸೇಲಂನಲ್ಲಿ ಈ ಕೈಗಾರಿಕೆ ಬೆಳೆಯಿತು. ಕಂಜಮಲೆಯ ತಪ್ಪಲಿನ ಸೇಲಂ ಉಕ್ಕಿನ ಕಾರ್ಖಾನೆಗೆ 1970ರಲ್ಲಿ ಅಡಿಗಲ್ಲು ಹಾಕಿದರು. ಪಾತ್ರೆಗಳಿಗೆ ಬೇಕಾದ ಸ್ಟೇನ್‌ಲೆಸ್ ಸ್ಟೀಲ್ ತಗಡು 1980ರ ದಶಕದ ಆರಂಭದಿಂದ ಅಲ್ಲಿ ತಯಾರಾಗತೊಡಗಿತು. ಊರ ಹೊರಗೆ ಬೆಳ್ಳಗೆ ಕಾಣುವ ಗುಡ್ಡಗಳು ಮ್ಯಾಗ್ನೆಸೈಟ್ ಎಂಬ ಖನಿಜದವು. ಕಬ್ಬಿಣ ಕರಗುವ ಶಾಖಕ್ಕೂ ಜಗ್ಗದ ಇಟ್ಟಿಗೆಯನ್ನು ಅದರಿಂದ ಮಾಡಿ ಕುಲುಮೆಗಳ ಒಳಮೈಗೆ ಜೋಡಿಸುತ್ತಾರೆ.

ಸೇಲಂನ ರೇಷ್ಮೆ ಪಂಚೆ ಹೆಸರುವಾಸಿ. ಇಲ್ಲಿಯ ನೇಕಾರರಲ್ಲಿ ದೇವಾಂಗದವರು ಅನೇಕರು. ಅವರ ಕುಲದೇವತೆ ಚೌಡೇಶ್ವರಿ. ಮನೆಯಲ್ಲಿ ಆಡುವ ಮಾತು ಕನ್ನಡ. ಶಾಲೆಯಲ್ಲಿ ಕಲಿತ ಅಕ್ಷರ ತಮಿಳು. ತಲೆಮಾರುಗಳ ಹಿಂದೆ ವಲಸೆ ಬಂದವರು ಮಗ್ಗದ ಜೊತೆಗೆ ಮಾತನ್ನೂ ಉಳಿಸಿಕೊಂಡಿದ್ದಾರೆ. ಅವರೊಡನೆ ಕನ್ನಡದಲ್ಲಿ ಮಾತಾಡಿ ನೋಡಿರಿ. ಅವರ ಕನ್ನಡ ನಮ್ಮ ಪುಸ್ತಕದ ಕನ್ನಡದಂತಿಲ್ಲವೆಂದು ನಗಬಾರದು. ಕನ್ನಡದ ಅಕ್ಷರ ಕಲಿಯುವ ಶಾಲೆ ನಮಗೆ ಸಿಕ್ಕಿದೆ. ಅವರು ಅದಿಲ್ಲದೆಯೇ ಭಾಷೆಯನ್ನು ಕಾಪಾಡಿದ್ದಾರೆ.

ಪೆರಿಯಾರ್ ವಿಶ್ವವಿದ್ಯಾನಿಲಯ

ಬೆಂಗಳೂರು ಹೆದ್ದಾರಿಯಲ್ಲಿ, ಶೇರ್ವರಾಯನ್ ಬೆಟ್ಟದ ತಪ್ಪಲಿನಲ್ಲಿ ಪೆರಿಯಾರ್ ವಿಶ್ವವಿದ್ಯಾನಿಲಯವಿದೆ. ಅದು ಸ್ಥಾಪನೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ಸೀಮೆಯ ಕಾಲೇಜುಗಳು ದೂರದ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಾಲೇಜುಗಳು ಇದಕ್ಕೆ ಸೇರಿದವು. ಧರ್ಮಪುರಿಯಲ್ಲಿ ಇದರ ಸ್ನಾತಕೋತ್ತರ ಕೇಂದ್ರವೂ ಇದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ರೈತರ, ನೇಕಾರರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ವಿಶ್ವವಿದ್ಯಾನಿಲಯ ಹತ್ತಿರವಿರುವುದು ದೊಡ್ಡ ಅನುಕೂಲ. ಇದಕ್ಕೆ ಹೆಸರು ಕೊಟ್ಟ ಪೆರಿಯಾರ್ ಇ.ವೆ. ರಾಮಸ್ವಾಮಿಯವರು 1879ರಲ್ಲಿ ಈರೋಡಿನಲ್ಲಿ ಹುಟ್ಟಿದರು. ಜಾತಿಭೇದದ ವಿರುದ್ಧ ಹೋರಾಡಿ, 1924ರ ವೈಕಂ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಅವರ ಮನೆಮಾತು ಕನ್ನಡವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಮುಖ್ಯೋಪಾಧ್ಯಾಯರ ಪತ್ರದ ಮೂಲಕ ಮೊದಲೇ ಅನುಮತಿ ಪಡೆದು ಗ್ರಂಥಾಲಯವನ್ನೂ ವಿಜ್ಞಾನ ವಿಭಾಗಗಳನ್ನೂ ನೋಡಬೇಕು. ಪ್ರೌಢಶಾಲೆಯ ಮಕ್ಕಳು ಒಮ್ಮೆ ವಿಶ್ವವಿದ್ಯಾನಿಲಯದ ಒಳಗೆ ಕಾಲಿಟ್ಟು ಬಂದರೆ, ನಾನೂ ಇಲ್ಲಿಯವರೆಗೆ ಓದಬಹುದು ಎಂಬ ಧೈರ್ಯ ಹುಟ್ಟುತ್ತದೆ.

ಕೊನೆಯ ದಿನ ಇಪ್ಪತ್ತು ತಿರುವುಗಳ ಘಾಟಿ ಹತ್ತಿ ಏರ್ಕಾಡಿಗೆ ಹೋಗಬಹುದು. ತಮಿಳಿನಲ್ಲಿ ಏರಿ ಎಂದರೆ ಕೆರೆ. ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ಕೆರೆಯೂ ಕಾಡೂ ಸೇರಿ ಏರ್ಕಾಡು. ಕಾಫಿ, ಕಿತ್ತಳೆ, ಮೆಣಸಿನ ತೋಟಗಳು ಅಲ್ಲಿವೆ. ಹಿಂದಿರುಗುವಾಗ ತೊಪ್ಪೂರು ಘಾಟಿಯಲ್ಲಿ ಬಸ್ಸು ಏದುಸಿರು ಬಿಡುತ್ತ ಹತ್ತುವಾಗ, ಕೆಳಗಿನ ಮೆಟ್ಟಿಲಿನಿಂದ ನಡುವಿನ ಮೆಟ್ಟಿಲಿಗೆ ಬಂದೆವೆಂದು ತಿಳಿಯಬೇಕು.

ಪೋಷಕರಿಗೆ ಎರಡು ಮಾತು

ಈ ಪ್ರವಾಸಕ್ಕೆ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಹೊಗೇನಕಲ್ಲಿನ ಬಂಡೆಗಳು ಜಾರುತ್ತವೆ, ಸುಳಿಗಳು ಮೇಲಿನಿಂದ ಕಾಣುವುದಿಲ್ಲ. ತೇಲುವ ಅಂಗಿ ಇಲ್ಲದೆ ಮಕ್ಕಳು ಹರಿಗೋಲು ಹತ್ತಬಾರದು. ನದಿ ತುಂಬಿ ಹರಿಗೋಲು ನಿಲ್ಲಿಸಿದ ದಿನ ಹಟ ಮಾಡಬಾರದು. ತೊಪ್ಪೂರು ಘಾಟಿಯಲ್ಲಿ ಅಪಘಾತಗಳು ಹೆಚ್ಚಾದ್ದರಿಂದ ರಾತ್ರಿ ಪ್ರಯಾಣ ಬೇಡ. ಮಗುವಿನ ಕೈಗೆ ತಿಂಡಿಯ ಜೊತೆಗೆ ಒಂದು ನೋಟುಪುಸ್ತಕವನ್ನೂ ಕೊಡಿರಿ.

ಹೋಗಿ ಬಂದ ಮೇಲೆ ಮಾಡಬೇಕಾದ ಕೆಲಸ

1. ಬೆಂಗಳೂರಿನಿಂದ ಸೇಲಂವರೆಗೆ ನೆಲ ಇಳಿಯುವ ಕ್ರಮವನ್ನು ಮೂರು ಮೆಟ್ಟಿಲಿನ ಚಿತ್ರವಾಗಿ ಬರೆದು ಊರುಗಳನ್ನು ಗುರುತಿಸಿರಿ.

2. ತಮಿಳಿನಲ್ಲಿ ಪಕಾರದಿಂದಲೂ ಕನ್ನಡದಲ್ಲಿ ಹಕಾರದಿಂದಲೂ ಆರಂಭವಾಗುವ ಹತ್ತು ಪದಗಳನ್ನು ಪಟ್ಟಿಮಾಡಿರಿ.

3. ನಿಮ್ಮ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ ಬರೆಯಿರಿ.

4. ನಿಮ್ಮ ಮನೆಯ ಬಚ್ಚಲಿನ ನೀರು ಯಾವ ಕೆರೆ, ಯಾವ ಹಳ್ಳ, ಯಾವ ನದಿ ಸೇರಿ ಎಲ್ಲಿಗೆ ಹೋಗುತ್ತದೆ ಎಂದು ಕಂಡುಹಿಡಿಯಿರಿ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಹುಡುಕಿದ ವಿದ್ಯಾರ್ಥಿಗೆ ಈ ಪ್ರವಾಸದ ಪಾಠ ಪೂರ್ತಿ ತಿಳಿದಂತೆ. ಮೇಲಿನ ಮೆಟ್ಟಿಲಿನಲ್ಲಿ ಹುಟ್ಟಿದವರು ನಾವು. ನಮ್ಮ ಕೆರೆಗಳನ್ನು ಶುಚಿಯಾಗಿಟ್ಟರೆ, ನಾವು ಹೆಸರು ಕೇಳದ ಊರಿನ ಮಗುವೊಂದು ಕೆಳಗಿನ ಮೆಟ್ಟಿಲಿನಲ್ಲಿ ಒಳ್ಳೆಯ ನೀರು ಕುಡಿಯುತ್ತದೆ.